ಒಂದು ಎ4 ಹಾಳೆ, ಎಂಟು ಪುಟ: ಹಾಸನದಲ್ಲೇ ಕೂತು ನಿಮ್ಮ ಕವನದ ಪುಸ್ತಕ ಮಾಡೋದು ಹೆಂಗೆ

"ಅಕ್ಕ, ಒಂದಿಪ್ಪತ್ತು ಕವನ ಬರೆದಿಟ್ಟಿದೀನಿ, ಏನ್ ಮಾಡ್ಲಿ" ಅಂತ ಯಾರಾದ್ರೂ ಕೇಳಿದ್ರೆ ನಾನು ವಾಪಸ್ ಕೇಳೋದು ಒಂದೇ, ಯಾರು ಓದ್ಲಿ ಅಂತ ಬರೆದಿದ್ದು? ಸ್ವಲ್ಪ ಹೊತ್ತು ಸುಮ್ನಿದ್ದು ಹೇಳ್ತಾರೆ, ಅಮ್ಮ ಓದ್ಬೇಕು, ಹಾಸ್ಟೆಲಲ್ಲಿ ಜೊತೆಗಿದ್ದೋಳು ಓದ್ಬೇಕು, ಪಿಯುಸಿಲಿ ಕನ್ನಡ ಹೇಳ್ಕೊಟ್ಟ ಮೇಷ್ಟ್ರು ಓದ್ಬೇಕು. ಎಲ್ರೂ ಸಾಲಗಾಮೆ ರೋಡು, ಬಿಎಂ ರೋಡು, ಹೆಚ್ಚಂದ್ರೆ ಆಲೂರು ಸಕಲೇಶಪುರದ ಒಳಗೇ ಇರೋರು. ಹಂಗಿದ್ಮೇಲೆ ಪುಸ್ತಕ ಬೆಂಗಳೂರಿಗೆ ಹೋಗಿ ಬರೋದು ಯಾಕೆ.

ದುಡ್ಡು ಕೊಟ್ರೆ ಪುಸ್ತಕ ಮಾಡ್ಕೊಡ್ತೀವಿ ಅನ್ನೋರು ಬೇಕಾದಷ್ಟು ಜನ ಇದಾರೆ. ನಮ್ಮ ಮಾವನ ಮಗಳು ಹಂಗೇ ಒಬ್ರಿಗೆ ದುಡ್ಡು ಕಟ್ಟಿ 500 ಕಾಪಿ ಮಾಡಿಸಿದ್ಳು, ಬಿಡುಗಡೆ ದಿನ ಒಂದೈವತ್ತು ಹೋಯ್ತು, ಉಳಿದಿದ್ದು ಇವತ್ತಿಗೂ ಮಂಚದ ಕೆಳಗೆ ಕಟ್ಟು ಬಿಚ್ಚದೆ ಇದೆ, ಅವಳು ಆಮೇಲೆ ಬರೆಯೋದನ್ನೇ ಬಿಟ್ಳು. ಅದು ನನಗೆ ಇವತ್ತಿಗೂ ಬೇಜಾರು, ಯಾಕಂದ್ರೆ ಕವನ ಚೆನ್ನಾಗಿದ್ವು. ಅವಳಿಗೆ ಬೇಕಾಗಿದ್ದು 500 ಕಾಪಿ ಅಲ್ಲ, ಓದಿ ಮಾತಾಡ್ಸೋ 50 ಜನ. ಅದಕ್ಕೇ ಇದನ್ನ ಬರೀತಿರೋದು, 50 ಜನಕ್ಕೆ 50 ಕಾಪಿ, ನಿಮ್ಮ ಕೈಯಲ್ಲೇ ಮಾಡಿ ನಿಮ್ಮ ಕೈಯಲ್ಲೇ ಕೊಡೋ ಥರದ್ದು.

ಇದನ್ನ ಈಗ ಝೀನ್ ಅಂತಾರೆ, ಹೊಸ ಹೆಸರು. ಕೆಲಸ ನಮಗೆ ಹೊಸದಲ್ಲ. ನಮ್ಮ ಅಮ್ಮನ ಕಾಲದಲ್ಲಿ ಕಾಲೇಜಲ್ಲಿ, ಹಾಸ್ಟೆಲಲ್ಲಿ ಕೈಬರಹದ ಪತ್ರಿಕೆ ಅಂತ ಮಾಡ್ತಿದ್ರು, ಅಕ್ಷರ ಚೆನ್ನಾಗಿರೋರು ಬರೆಯೋದು, ಚಿತ್ರ ಬರೋರು ಚಿತ್ರ ಹಾಕೋದು, ಇರೋದು ಒಂದೇ ಕಾಪಿ, ಅದು ಕೈಯಿಂದ ಕೈಗೆ ಹೋಗಿ ಅಂಚು ಕರಗಿ ವಾಪಸ್ ಬರ್ತಿತ್ತು. ನಾವು ಮಾಡೋದೂ ಅದೇ, ನಡುವೆ ಒಂದು ಜೆರಾಕ್ಸ್ ಮಿಷನ್ ಬಂದಿದೆ ಅಷ್ಟೆ.

ಮೊದಲು ಕವನ ಆರಿಸೋದು. ಎಂಟು ಪುಟದಲ್ಲಿ ಮುಂದಿನ ರಟ್ಟು, ಹಿಂದಿನ ರಟ್ಟು ಬಿಟ್ರೆ ಆರು ಪುಟ ಸಿಗುತ್ತೆ. ಆರು ಪುಟಕ್ಕೆ ನಾಲ್ಕು ಕವನ, ಎರಡು ಚಿತ್ರ ಸಾಕು. ಇಪ್ಪತ್ತೂ ತುರುಕಬೇಡಿ. ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ, ಸುಮಾರು ಕ್ರಿ.ಶ. 450ರದ್ದು, ಕನ್ನಡದ ತುಂಬಾ ಹಳೇ ಶಾಸನಗಳಲ್ಲಿ ಒಂದು, ಅದರಲ್ಲಿರೋದು 16 ಸಾಲು. ಹದಿನಾರು ಸಾಲು ಅಷ್ಟು ದೂರ ಬಂದಿದೆ ಅಂದ್ರೆ ನಿಮ್ಮ ನಾಲ್ಕು ಕವನ ಕಮ್ಮಿ ಆಯ್ತು ಅಂತ ಯಾರೂ ಹೇಳಲ್ಲ.

ಆರಿಸೋಕೆ ನಾನು ಮಾಡೋ ಉಪಾಯ ಹೇಳ್ತೀನಿ, ಇದೊಂದನ್ನ ದಯವಿಟ್ಟು ಮಾಡಿ. ನಿಮ್ಮ ಕವನ ನೀವು ಓದಬೇಡಿ, ಇನ್ನೊಬ್ರ ಕೈಗೆ ಕೊಟ್ಟು ಜೋರಾಗಿ ಓದ್ಸಿ. ಮೊದಲೇ ತೋರಿಸಬಾರದು, ಅವರು ಅದನ್ನ ಮೊದಲನೇ ಸಲ ನೋಡ್ತಾ ಓದ್ಬೇಕು. ನೀವು ಪೆನ್ಸಿಲ್ ಹಿಡ್ಕೊಂಡು ಸುಮ್ನೆ ಕೂತ್ಕೊಳ್ಳಿ. ಅವರು ಎಲ್ಲಿ ತಡವರಿಸ್ತಾರೆ, ಎಲ್ಲಿ ಉಸಿರು ಸಾಲದೆ ಸಾಲಿನ ನಡುವೆ ನಿಲ್ತಾರೆ, ಎಲ್ಲಿ ವಾಪಸ್ ಹೋಗಿ ಇನ್ನೊಂದ್ಸಲ ಓದ್ತಾರೆ, ಅಲ್ಲೆಲ್ಲ ಒಂದು ಗೀಟು ಹಾಕ್ಕೊಳ್ಳಿ. ಹತ್ತರಲ್ಲಿ ಏಳು ಸಲ ತಪ್ಪು ಅಲ್ಲೇ ಇರುತ್ತೆ. ನಾನು "ನಿನ್ನ ನೆನಪಿನ ನೆರಳಿನ ನೇಯ್ಗೆಯಲ್ಲಿ" ಅಂತ ಒಂದು ಸಾಲು ಬರೆದು ತುಂಬಾ ಇಷ್ಟಪಟ್ಕೊಂಡಿದ್ದೆ, ನನ್ನ ತಂಗಿ ಅದನ್ನ ಮೂರು ಸಲ ಎಡವಿ ಓದಿ ಕೊನೆಗೆ "ಅಕ್ಕ ಇದರಲ್ಲಿ ಏನಾಯ್ತು?" ಅಂತ ಕೇಳಿದ್ಳು. ಏನೂ ಆಗಿರ್ಲಿಲ್ಲ ಆ ಸಾಲಲ್ಲಿ. ತೆಗೆದೆ.

ಈಗ ಮಡಚೋದು. ಓದ್ತಾ ಓದ್ತಾ ಒಂದು ಹಾಳೆ ಕೈಯಲ್ಲಿ ಹಿಡ್ಕೊಂಡು ಮಾಡಿ, ಇಲ್ಲಾಂದ್ರೆ ತಲೆಗೆ ಹೋಗಲ್ಲ. ಎ4 ಹಾಳೆ ಅಡ್ಡಕ್ಕೆ ಇಡಿ. ಉದ್ದುದ್ದಕ್ಕೆ ಒಂದ್ಸಲ ಮಡಚಿ ಬಿಚ್ಚಿ, ಆಮೇಲೆ ಎಡ ಬಲ ಸೇರೋ ಹಂಗೆ ಅರ್ಧ ಮಡಚಿ, ಅದನ್ನ ಇನ್ನೊಂದ್ಸಲ ಅರ್ಧ ಮಡಚಿ, ಪೂರ್ತಿ ಬಿಚ್ಚಿದ್ರೆ ಎಂಟು ಮನೆ ಕಾಣುತ್ತೆ, ಮೇಲೆ ನಾಲ್ಕು ಕೆಳಗೆ ನಾಲ್ಕು. ಒಂದೊಂದು ಮನೆ ಸುಮಾರು 74 ಮಿಲಿಮೀಟರ್ ಅಗಲ, 105 ಎತ್ತರ. ಈಗ ಎಡ ಬಲ ಸೇರ್ಸಿ ಅರ್ಧ ಮಡಚಿಟ್ಟು, ಮಡಚಿದ ಕಡೆಯಿಂದ ನಡುವಿನ ಗೆರೆ ಮೇಲೆ ಒಂದು ಮನೆ ಅಗಲಕ್ಕೆ ಕತ್ತರಿ ಹಾಕಿ, ಜಾಸ್ತಿ ಹೋಗ್ಬೇಡಿ. ಬಿಚ್ಚಿದ್ರೆ ಹಾಳೆ ಮಧ್ಯದಲ್ಲಿ ಒಂದು ಸೀಳು ಇರುತ್ತೆ. ಈಗ ಉದ್ದಕ್ಕೆ ಮಡಚಿ ಎರಡು ತುದಿ ಹಿಡ್ಕೊಂಡು ಒಳಕ್ಕೆ ತಳ್ಳಿ, ಸೀಳು ಬಾಯಿ ಬಿಟ್ಕೊಂಡು ಮೇಲಿಂದ ನೋಡಿದ್ರೆ ಕೂಡಿಸೋ ಗುರುತಿನ ಥರ ಕಾಣುತ್ತೆ, ಅದನ್ನ ಒಂದು ಕಡೆಗೆ ಸುತ್ತಿ ಒತ್ತಿದ್ರೆ ಪುಸ್ತಕ. ಪಿನ್ನೂ ಬೇಡ ಗೋಂದೂ ಬೇಡ.

ಪುಟದ ಲೆಕ್ಕದಲ್ಲಿ ಎಲ್ರೂ ಎಡವ್ತಾರೆ. ಕೆಳಗಿನ ಸಾಲಲ್ಲಿ ಎಡದಿಂದ ಬಲಕ್ಕೆ 6, 7, 8, 1. ಮೇಲಿನ ಸಾಲಲ್ಲಿ ಎಡದಿಂದ ಬಲಕ್ಕೆ 5, 4, 3, 2, ಆದ್ರೆ ಮೇಲಿನ ನಾಲ್ಕೂ ತಲೆಕೆಳಗಾಗಿ ಇರ್ಬೇಕು. 1 ಅಂದ್ರೆ ಮುಂದಿನ ರಟ್ಟು, 8 ಹಿಂದಿನದು. ನಂಬಿಕೆ ಬರ್ಲಿಲ್ಲ ಅಂದ್ರೆ ಖಾಲಿ ಹಾಳೆ ಮಡಚಿ ಪುಟಕ್ಕೆ ನಂಬರ್ ಹಾಕಿ ಬಿಚ್ಚಿ ನೋಡಿ. ಆ ಖಾಲಿ ಹಾಳೆನ ಬಿಸಾಡಬೇಡಿ, ಅದೇ ನಿಮ್ಮ ನಕ್ಷೆ.

ಇನ್ನು ಬರೆಯೋದು. ನನ್ನ ಕೇಳಿದ್ರೆ ಮೊದಲನೇದನ್ನ ಆ ನಕ್ಷೆ ನೋಡ್ಕೊಂಡು, ಮಡಚದ ಇನ್ನೊಂದು ಹಾಳೆ ಮೇಲೆ ಕೈಯಲ್ಲೇ ಬರೀರಿ. ಒಂದು ಪುಟಕ್ಕೆ ಹನ್ನೆರಡು ಹದಿಮೂರು ಸಾಲು ಹಿಡಿಯುತ್ತೆ. ಪಕ್ಕಾ ಕಪ್ಪು ಪೆನ್ನೇ ಇರ್ಲಿ, ನೀಲಿ ಜೆರಾಕ್ಸಲ್ಲಿ ಮಸಕಾಗಿ ಬರುತ್ತೆ, ಪೆನ್ಸಿಲ್ ಅಂತೂ ಅರ್ಧ ಮಾಯ. ಹಾಳೆ ಅಂಚಿನಿಂದ ಐದು ಮಿಲಿಮೀಟರ್ ಏನೂ ಬರೀಬೇಡಿ, ಮಿಷನ್ ಅದನ್ನ ನುಂಗುತ್ತೆ. ಚಿತ್ರಕ್ಕೆ ಗೆರೆ ಚಿತ್ರ ಒಳ್ಳೇದು, ಶೇಡಿಂಗ್ ಬೇಕಂದ್ರೆ ಚುಕ್ಕೆ ಇಡಿ ಇಲ್ಲ ಅಡ್ಡಗೆರೆ ಹಾಕಿ, ಫೋಟೋ ಹಾಕಿದ್ರೆ ಮುಖ ಕಪ್ಪು ಮುದ್ದೆ ಆಗುತ್ತೆ. ತಪ್ಪಾದ್ರೆ ವೈಟ್ನರ್ ಹಚ್ಚಿ, ಇಲ್ಲ ಇನ್ನೊಂದು ಚೂರಲ್ಲಿ ಬರೆದು ಮೇಲೆ ಅಂಟಿಸಿ, ಅಂಟಿಸಿದ ಚೂರಿನ ಅಂಚು ನೆರಳಾಗಿ ಕಪ್ಪು ಗೆರೆ ಬರುತ್ತೆ, ಅದಕ್ಕೂ ಅಂಚಿಗೆ ಸ್ವಲ್ಪ ವೈಟ್ನರ್. ಈ ಹಾಳೆಗೆ ಮಾಸ್ಟರ್ ಅಂತೀವಿ, ಇದನ್ನ ಮಾತ್ರ ಮಡಚಬಾರದು.

ಜೆರಾಕ್ಸ್ ಅಂಗಡಿಗೆ ಮಧ್ಯಾಹ್ನ ಎರಡರ ಮೇಲೆ ಹೋಗಿ. ಕಾಲೇಜ್ ಅಡ್ಮಿಷನ್ ಟೈಮು, ಹಾಲ್ ಟಿಕೆಟ್ ಟೈಮಲ್ಲಿ ಹೋದ್ರೆ ಅವರಿಗೂ ತಲೆ ಕೆಟ್ಟಿರುತ್ತೆ ನಮಗೂ ಕೆಲಸ ಆಗಲ್ಲ. ನಾನು ಮೊದಲನೇ ಸಲ ಹೋದಾಗ ಅಂಗಡಿ ಹುಡುಗ ಹಾಳೆ ತಿರುಗ್ಸಿ ತಿರುಗ್ಸಿ ನೋಡಿ "ಅಕ್ಕ ಇದು ಅರ್ಧ ಉಲ್ಟಾ ಇದ್ಯಲ್ಲ, ಹಿಂಗೇ ಹೊಡೀಲಾ?" ಅಂದ. ಒಂದು ಹಾಳೆ ಅಲ್ಲೇ ಮಡಚಿ ತೋರಿಸ್ದೆ, ಅವನಿಗೆ ಎಷ್ಟು ಖುಷಿ ಆಯ್ತು ಅಂದ್ರೆ ಐವತ್ತರಲ್ಲಿ ಇಪ್ಪತ್ತು ಅವನೇ ಮಡಚಿಕೊಟ್ಟ, ಒಂದು ಕಾಪಿ ಅವನೇ ಇಟ್ಕೊಂಡ. ಮೊದಲು ಒಂದೇ ಕಾಪಿ ತೆಗ್ಸಿ, ಮಡಚಿ ನೋಡಿ, ಆಮೇಲೆ ಐವತ್ತು ಅನ್ನಿ. ಒಂದು ಸೈಡಿಗೆ ಎರಡು ರೂಪಾಯಿ ಅಂತ ಇಟ್ಕೊಂಡ್ರೂ ಐವತ್ತಕ್ಕೆ ನೂರು ರೂಪಾಯಿ. ಹಳದಿ, ಗುಲಾಬಿ, ತಿಳಿ ಹಸಿರು ಹಾಳೆ ನೀವೇ ತಗೊಂಡೋದ್ರೆ ಅದರ ಮೇಲೇ ಹೊಡ್ಕೊಡ್ತಾರೆ, ಕಪ್ಪು ಅಕ್ಷರ ಬಣ್ಣದ ಹಾಳೆ ಮೇಲೆ ಚೆನ್ನಾಗಿ ಕೂರುತ್ತೆ.

ಟೈಪ್ ಮಾಡೇ ಮಾಡ್ತೀನಿ ಅನ್ನೋರಿಗೆ ಕನ್ನಡದ ಫಾಂಟ್ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಇಲ್ಲೇ ತುಂಬಾ ಜನ ಅಳ್ತಾರೆ. ಮೊಬೈಲಲ್ಲಿ ನಾವು ಟೈಪ್ ಮಾಡೋದು ಯೂನಿಕೋಡ್, ಅಂದ್ರೆ ಕನ್ನಡದ ಒಂದೊಂದು ಅಕ್ಷರಕ್ಕೂ ಎಲ್ಲ ಕಡೆ ಒಂದೇ ನಂಬರು. ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಪುಟ ಕೂರಿಸೋಕೆ ಹಳೇ ಪೇಜ್‌ಮೇಕರ್ ಸಾಫ್ಟ್‌ವೇರು, ಅದರಲ್ಲಿ ಹಳೇ ನುಡಿ ಫಾಂಟು. ಆ ಫಾಂಟಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರ್ತಾರೆ, ಅದಕ್ಕೇ ನಿಮ್ಮ ವಾಟ್ಸಾಪ್ ಮೆಸೇಜನ್ನ ಅಲ್ಲಿ ಅಂಟಿಸಿದ್ರೆ ಬರೀ ಪ್ರಶ್ನೆ ಗುರುತು ಇಲ್ಲ ಡಬ್ಬಿ ಡಬ್ಬಿ ಬರುತ್ತೆ. ನಾವು ಕೆಲವರು ಸೇರಿ ಮಾಡೋ ಝೀನಿನ ಎರಡನೇ ಸಂಚಿಕೆ ಹೆಸರು "ಹಿತ್ತಲ ಬಾಗ್ಲು", ಕವರ್ ಮಾತ್ರ ಒಂದು ಕಡೆ ಮಾಡಿಸೋಣ ಅಂತ ಕೊಟ್ವಿ, ಅವರ ಸಾಫ್ಟ್‌ವೇರಲ್ಲಿ ಒತ್ತಕ್ಷರ ಕೂರದೆ "ಹಿತ್‌ತಲ ಬಾಗ್‌ಲು" ಅಂತ ಬಂತು, ನಾವು ಪ್ರೂಫ್ ನೋಡದೆ ಓಕೆ ಅಂದುಬಿಟ್ಟಿದ್ವಿ, ನೂರು ಕವರ್ ಹಾಳಾಯ್ತು. ಆಮೇಲೆ ಕಲ್ತಿದ್ದು ಇಷ್ಟು: ಪುಟ ನೀವೇ ಕೂರಿಸಿ ಪಿಡಿಎಫ್ ಮಾಡಿ ತಗೊಂಡೋಗಿ, ಪಿಡಿಎಫಲ್ಲಿ ಫಾಂಟು ಒಳಗೇ ಕೂತಿರೋದ್ರಿಂದ ಎಲ್ಲಿ ತೆಗೆದ್ರೂ ಹಂಗೇ ಇರುತ್ತೆ. ಪುಟ ಕೂರಿಸೋಕೆ ಲಿಬ್ರೆ ಆಫೀಸು, ಸ್ಕ್ರೈಬಸ್ಸು, ಇಂಕ್‌ಸ್ಕೇಪು ಅನ್ನೋ ಸಾಫ್ಟ್‌ವೇರು ಮೂರೂ ಪುಕ್ಸಟ್ಟೆ ಸಿಗುತ್ತೆ. ಇನ್‌ಡಿಸೈನ್ ಇದ್ರೆ ಅದರಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಅನ್ನೋದನ್ನ ಆನ್ ಮಾಡ್ಬೇಕು, ಆಗಲೇ ಒತ್ತು ಕೂರೋದು. ಫಾಂಟಿಗೆ ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ ಕವನದ ಸಾಲಿಗೆ ಚೆಂದ, ತಲೆಬರಹಕ್ಕೆ ಬಾಲೂ ತಮ್ಮ ದಪ್ಪಗೆ ದುಂಡಗೆ ಇದೆ, ಎಲ್ಲವೂ ಮುಕ್ತ ಲೈಸೆನ್ಸಿನವು, ಪ್ರಿಂಟಿಗೆ ಯಾರನ್ನೂ ಕೇಳ್ಬೇಕಾಗಿಲ್ಲ. ಇನ್ನೊಂದು, ಸಾಲಿನ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಿ, ಅಕ್ಷರ 10 ಪಾಯಿಂಟ್ ಇದ್ರೆ ಸಾಲಿನ ಅಂತರ 14, 15. "ಸ್ತ್ರೀ", "ರಾಷ್ಟ್ರ" ಇಂಥಾ ಪದಗಳಲ್ಲಿ ಒತ್ತಿನ ಕೆಳಗೆ ಒತ್ತು ಇಳೀತದೆ, ಜಾಗ ಇಲ್ಲಾಂದ್ರೆ ಅದು ಕೆಳಗಿನ ಸಾಲಿನ ತಲೆಕಟ್ಟಿಗೆ ಹೊಡೆಯುತ್ತೆ, ದೀರ್ಘ ಯಾವುದು ಒತ್ತು ಯಾವುದು ಗೊತ್ತಾಗಲ್ಲ.

ಈಗ ನನಗೆ ತುಂಬಾ ಇಷ್ಟದ ಭಾಗ, ಕವರು. ಹಾಸನದೋರಿಗೆ ಆಲೂಗಡ್ಡೆ ಬಗ್ಗೆ ಹೇಳ್ಕೊಡೋದು ಬೇಡ, ಆದ್ರೆ ಅದರಲ್ಲಿ ಅಚ್ಚು ಹಾಕ್ಬೋದು ಅಂತ ನಾನು ತೋರಿಸ್ದಾಗ ನಮ್ಮ ಅತ್ತೆಗೂ ಆಶ್ಚರ್ಯ ಆಯ್ತು. ಗಟ್ಟಿಯಾಗಿರೋ ದೊಡ್ಡ ಗಡ್ಡೆ ತಗೊಳ್ಳಿ, ಮೆತ್ತಗಾಗಿರೋದು ಬೇಡ. ಉದ್ದ ಚಾಕುಲಿ ಒಂದೇ ಏಟಿಗೆ ಎರಡು ಹೋಳು ಮಾಡ್ಬೇಕು, ಗರಗಸದ ಥರ ಆಡಿಸಿದ್ರೆ ಮುಖ ಏರುಪೇರಾಗಿ ಅಚ್ಚು ಅರ್ಧಂಬರ್ಧ ಬರುತ್ತೆ. ಕೊಯ್ದ ಮುಖನ ನ್ಯೂಸ್ ಪೇಪರ್ ಮೇಲೆ ಹತ್ತು ನಿಮಿಷ ಬೋರಲು ಹಾಕಿ, ನೀರು ಹೀರ್ಕೊಳ್ಳುತ್ತೆ. ಬಟರ್ ಪೇಪರಲ್ಲಿ ಅಕ್ಷರ ಬರೆದು ಹಾಳೆ ಮಗುಚಿ ಆ ಉಲ್ಟಾ ಅಕ್ಷರವನ್ನ ಗಡ್ಡೆ ಮೇಲೆ ಬಾಲ್ ಪೆನ್ನಲ್ಲಿ ಒತ್ತಿ ಗುರುತು ಮಾಡ್ಕೊಳ್ಳಿ, ಯಾಕಂದ್ರೆ ಗಡ್ಡೆ ಮೇಲೆ ಉಲ್ಟಾ ಇದ್ರೇನೇ ಕಾಗದದ ಮೇಲೆ ಸೀದಾ ಬರೋದು. ಆಮೇಲೆ ಅಕ್ಷರ ಬಿಟ್ಟು ಸುತ್ತಲಿಂದು ಮೂರು ನಾಲ್ಕು ಮಿಲಿಮೀಟರ್ ಆಳಕ್ಕೆ ಕೆತ್ತಿ ತೆಗೀರಿ. ನಮ್ಮ ಲಿಪಿ ದುಂಡಗಿರೋದ್ರಿಂದ ಒಳಗಿನ ಸೊನ್ನೆ ಜಾಗ ಕಷ್ಟ, ಪೆನ್ನಿನ ಕ್ಯಾಪ್ ಚುಚ್ಚಿ ತಿರುಗಿಸಿದ್ರೆ ಆ ಸೊನ್ನೆ ಸಲೀಸಾಗಿ ಬರುತ್ತೆ. ಬಣ್ಣಕ್ಕೆ ಅದ್ದಬೇಡಿ. ಪೋಸ್ಟರ್ ಕಲರ್ ಗಟ್ಟಿಯಾಗಿ ಕಲಸಿ ತಟ್ಟೆಲಿರೋ ಸ್ಪಾಂಜಿಗೆ ಹಚ್ಚಿ, ಆ ಸ್ಪಾಂಜಿಗೆ ಗಡ್ಡೆ ಒತ್ತಿ ಕಾಗದಕ್ಕೆ ಒತ್ತಿ. ಮೊದಲ ನಾಲ್ಕೈದು ಸರಿ ಬರಲ್ಲ, ಆಮೇಲೆ ಕೈ ಕೂರುತ್ತೆ, ಮೂವತ್ತು ಚಿಲ್ಲರೆ ಆದ್ಮೇಲೆ ಅಂಚು ಮೆತ್ತಗಾಗ್ತಾ ಬರುತ್ತೆ, ಆಗ ಇನ್ನರ್ಧ ಹೋಳು ಇದ್ಯಲ್ಲ. ನಾಳೆಗೆ ಇಡೋಕಾಗಲ್ಲ, ಸುಕ್ಕಾಗುತ್ತೆ, ಒಂದೇ ಕೂತಲ್ಲಿ ಮುಗಿಸ್ಬೇಕು. ಐವತ್ತು ಕವರಲ್ಲಿ ಒಂದು ಇದ್ದಂಗೆ ಇನ್ನೊಂದು ಇರಲ್ಲ, ಅದನ್ನ ಕೈಯಲ್ಲಿ ಹಿಡಿದೋರಿಗೆ ಇದು ನನಗೇ ಅಂತ ಮಾಡಿದ್ದು ಅನ್ನಿಸುತ್ತೆ.

ಜಾಸ್ತಿ ಕವರ್ ಬೇಕು, ನೀಟಾಗಿ ಬೇಕು ಅಂದ್ರೆ ಲಗ್ನಪತ್ರಿಕೆ ಮಾಡೋ ಪ್ರೆಸ್ಸಿಗೆ ಹೋಗಿ. ಆಷಾಢದಲ್ಲಿ ಹೋಗಿ. ಮದುವೆ ಇರಲ್ಲ, ಸ್ಕ್ರೀನ್ ಪ್ರಿಂಟಿಂಗ್ ಟೇಬಲ್ ಖಾಲಿ ಇರುತ್ತೆ, ಮಾತಾಡೋಕೆ ಅವರಿಗೂ ಪುರುಸೊತ್ತು ಇರುತ್ತೆ. ಕಾರ್ಡು ಕತ್ತರಿಸಿ ಉಳಿದ ದಪ್ಪ ಕಾಗದದ ಪಟ್ಟಿಗಳು ಮೂಲೆಲಿ ಬಿದ್ದಿರ್ತವೆ, ಚಿನ್ನದ ಬಣ್ಣದ್ದು, ಅರಿಶಿನದ್ದು, ಕೇಳಿದ್ರೆ ಕಮ್ಮಿ ದುಡ್ಡಿಗೆ ಕೊಡ್ತಾರೆ, ಅದರಲ್ಲಿ ಪುಟ್ಟ ಪುಸ್ತಕಕ್ಕೆ ಸುತ್ತ ಹಾಕೋ ಮೇಲ್ಪಟ್ಟಿ ಮಾಡ್ಬೋದು. ಬಣ್ಣ ಹೆಚ್ಚಾದಂಗೆ ಸ್ಕ್ರೀನ್ ಹೆಚ್ಚು, ದುಡ್ಡೂ ಹೆಚ್ಚು, ಅದಕ್ಕೆ ಒಂದೇ ಬಣ್ಣದಲ್ಲಿ ಮುಗಿಸಿ.

ಎಂಟು ಪುಟ ಸಾಲಲ್ಲ ಅಂತ ಆದ್ಮೇಲೆ ಹದಿನಾರು ಪುಟಕ್ಕೆ ಹೋಗಿ. ನಾಲ್ಕು ಎ4 ಹಾಳೆ, ಬ್ಯಾಕ್ ಟು ಬ್ಯಾಕ್, ನಡುವೆ ಮಡಚಿದ್ರೆ ಎ5 ಪುಸ್ತಕ. ಪುಟ ಯಾವಾಗ್ಲೂ ನಾಲ್ಕರ ಲೆಕ್ಕದಲ್ಲೇ ಇರ್ಬೇಕು. ಲಿಬ್ರೆ ಆಫೀಸಲ್ಲಿ ಪ್ರಿಂಟ್ ಕೊಡೋವಾಗ ಬ್ರೋಶರ್ ಅಂತ ಒಂದು ಆಯ್ಕೆ ಇದೆ, ಅದು ಪುಟ ತಾನೇ ಜೋಡಿಸುತ್ತೆ. ಮಾಮೂಲಿ ಸ್ಟೇಪ್ಲರ್ ನಡುವಿನ ತನಕ ಎಟುಕಲ್ಲ, ಹೂ ಕಟ್ಟೋ ದಾರ ತಗೊಂಡು ಹೊಲೀರಿ: ಮಡಿಕೆ ಮೇಲೆ ಮೂರು ತೂತು, ಹೊರಗಿಂದ ನಡು ತೂತಿಗೆ ಸೂಜಿ ಹಾಕಿ ಒಳಗೆ ಬನ್ನಿ, ಮೇಲಿನ ತೂತಿಂದ ಹೊರಗೆ ಹೋಗಿ, ಹೊರಗಡೆನೇ ಉದ್ದಕ್ಕೆ ಬಂದು ಕೆಳಗಿನ ತೂತಿಂದ ಒಳಗೆ, ಮತ್ತೆ ನಡು ತೂತಿಂದ ಹೊರಗೆ, ಆ ಉದ್ದ ದಾರನ ನಡುವೆ ಹಿಡಿದು ಎರಡು ತುದಿ ಗಂಟು. ಒಂದು ಪುಸ್ತಕಕ್ಕೆ ಎರಡು ನಿಮಿಷ.

ಹೆಸರು ಹಾಕೋ ವಿಷಯ. ಹಿಂದಿನ ಪುಟದಲ್ಲಿ ಯಾರು ಬರೆದಿದ್ದು, ಯಾರು ಚಿತ್ರ ಹಾಕಿದ್ದು, ಯಾರು ಅಚ್ಚು ಮಾಡಿದ್ದು, ಯಾವ ಊರು, ಯಾವ ತಿಂಗಳು, ಎಷ್ಟು ಕಾಪಿ ಅಂತ ಬರೀರಿ. ಇದನ್ನ ಜಂಬ ಅಂತ ಸುಮಾರು ಜನ ಬಿಟ್ಬಿಡ್ತಾರೆ, ಬಿಡಬೇಡಿ. ಬೇಲೂರಿಗೆ ಹೋದ್ರೆ ಬಳ್ಳಿಗಾವಿಯಿಂದ ಬಂದ ದಾಸೋಜ, ಅವನ ಮಗ ಚಾವಣ, ತಾವು ಕೆತ್ತಿದ ವಿಗ್ರಹದ ಕೆಳಗೆ ಹೆಸರು ಹಾಕಿದಾರೆ. 1117ರಲ್ಲಿ ದೇವಸ್ಥಾನ ಕಟ್ಟಿಸಿದ್ದು ವಿಷ್ಣುವರ್ಧನ ಅಂತ ಎಲ್ರಿಗೂ ಗೊತ್ತು, ಕೆತ್ತಿದ್ದು ಯಾರು ಅಂತ ನಮಗೆ ಗೊತ್ತಾಗೋದು ಅವರೇ ಕೊರೆದಿಟ್ಟಿದ್ದರಿಂದ. ಆದ್ರೆ ಸ್ವಂತ ಹೆಸರು ಬೇಡ ಅನ್ನೋರನ್ನ ಬಲವಂತ ಮಾಡ್ಬೇಡಿ. ಹಾಸನದಂಥ ಊರಲ್ಲಿ ಒಬ್ಬ ಹುಡುಗಿ ಪ್ರೀತಿ ಬಗ್ಗೆ ಬರೆದ್ರೆ ಸಂಜೆ ಒಳಗೆ ಅವರ ದೊಡ್ಡಪ್ಪನ ಮನೆ ತನಕ ಹೋಗಿರುತ್ತೆ. ವಚನಕಾರರಿಗೆ ಅಂಕಿತ ಇತ್ತು, ನಿಮಗೂ ಒಂದು ಇರ್ಲಿ. ನಮ್ಮ ಜೊತೆ ಬರೆಯೋ ಒಬ್ರು ಮೂರು ವರ್ಷದಿಂದ ಒಂದು ಹಕ್ಕಿ ಹೆಸರಲ್ಲೇ ಬರೀತಿದಾರೆ, ಅದು ಯಾರು ಅಂತ ನಾವು ನಾಲ್ಕು ಜನಕ್ಕೆ ಬಿಟ್ರೆ ಯಾರಿಗೂ ಗೊತ್ತಿಲ್ಲ, ಹಂಗೇ ಇರುತ್ತೆ.

ಬೇರೆಯವರ ಕವನ ಹಾಕೋದಾದ್ರೆ ಕೇಳಿ ಹಾಕಿ, ಮೆಸೇಜಲ್ಲಾದ್ರೂ ಒಪ್ಪಿಗೆ ಇರ್ಲಿ. ದೊಡ್ಡ ಕವಿಗಳ ಸಾಲು ಹಾಕೋ ಆಸೆ ಎಲ್ರಿಗೂ ಇರುತ್ತೆ, ನಮ್ಮ ದೇಶದಲ್ಲಿ ಕಾಪಿರೈಟು ಬರೆದೋರು ತೀರ್ಕೊಂಡ ಮೇಲೆ 60 ವರ್ಷ ಇರುತ್ತೆ, ಹಂಗಾಗಿ 1981ರಲ್ಲಿ ಹೋದ ಬೇಂದ್ರೆಯವರದ್ದು ಇನ್ನೂ ಇದೆ, 1963ರಲ್ಲಿ ಹೋದ ಗೋವಿಂದ ಪೈಗಳದ್ದು ಮುಗಿದಿದೆ. ನಿಮ್ಮ ಕವನಕ್ಕೆ ಹಕ್ಕು ನೀವು ಬರೆದ ತಕ್ಷಣ ನಿಮ್ಮದೇ, ರಿಜಿಸ್ಟರ್ ಮಾಡಿಸ್ಬೇಕು ಅಂತೇನಿಲ್ಲ. ಐಎಸ್‌ಬಿಎನ್, ಅಂದ್ರೆ ಪುಸ್ತಕದ ಗುರುತಿನ ನಂಬರು, ಈ ಪುಟ್ಟ ಪುಸ್ತಕಕ್ಕೆ ಬೇಡ, ಮುಂದೆ ದೊಡ್ಡದು ಮಾಡಿದಾಗ ಬೇಕಂದ್ರೆ ರಾಜಾ ರಾಮಮೋಹನ ರಾಯ್ ಏಜೆನ್ಸಿಲಿ ಫ್ರೀಯಾಗೇ ಕೊಡ್ತಾರೆ, ಅದಕ್ಕೆ ದುಡ್ಡು ಕೇಳೋರನ್ನ ನಂಬಬೇಡಿ.

ಹಂಚೋದು. ಮೊದಲ ಹತ್ತು ಕಾಪಿ ಯಾರಿಗೆ ಅಂತ ಬರೆಯೋಕೆ ಮುಂಚೆನೇ ಪಟ್ಟಿ ಮಾಡಿ, ಅವರ ಮನೆಗೇ ಹೋಗಿ ಕೊಡಿ. ಉಳಿದಿದ್ದನ್ನ ಜನ ಕಾಯ್ತಾ ಕೂರೋ ಜಾಗದಲ್ಲಿ ಇಡಿ, ಹೇರ್ ಕಟ್ಟಿಂಗ್ ಶಾಪಿನ ಬೆಂಚು, ಟೈಲರ್ ಅಂಗಡಿ, ಕ್ಲಿನಿಕ್ಕು, ಕಾಲೇಜ್ ಕ್ಯಾಂಟೀನು, ಕೇಳಿ ಇಡಿ. ಗೋಡೆಗೆ ಅಂಟಿಸೋದು ಬೇಡ, ಗೋಡೆ ಅಂದ ಕೆಡಿಸೋದರ ವಿರುದ್ಧ 1981ರ ರಾಜ್ಯದ ಕಾನೂನೇ ಇದೆ. ದೀಪಾವಳಿ ಆಸುಪಾಸಲ್ಲಿ ಹಾಸನಾಂಬೆ ಬಾಗಿಲು ತೆಗೆದಾಗ ಊರಿಗೆ ಊರೇ ಕ್ಯೂನಲ್ಲಿ ಗಂಟೆಗಟ್ಟಲೆ ನಿಂತಿರುತ್ತೆ. ನಾನು ಒಂದು ವರ್ಷ ಅಮ್ಮನ ಜೊತೆ ನಿಂತಿದ್ದಾಗ ಬ್ಯಾಗಲ್ಲಿ ಹನ್ನೆರಡು ಕಾಪಿ ಇತ್ತು, ಮುಂದೆ ಚನ್ನರಾಯಪಟ್ಟಣದ ಕಡೆಯ ಒಬ್ರು ಅಜ್ಜಿ, "ಏನವ್ವ ಅದು" ಅಂದ್ರು, ಕೊಟ್ಟೆ, "ಕನ್ನಡಕ ತಂದಿಲ್ಲ ನೀನೇ ಓದು" ಅಂದ್ರು. ಓದ್ದೆ. ಹಿಂದೆ ಮುಂದೆ ಇದ್ದೋರೂ ಕೇಳಿಸ್ಕೊಂಡ್ರು, ಬಾಣಂತಿ ಕೋಣೆ ಬಗ್ಗೆ ಇದ್ದ ಕವನ ಅದು, ಅಜ್ಜಿ ಸ್ವಲ್ಪ ಹೊತ್ತು ಬಿಟ್ಟು "ನಮ್ ಕಾಲದಲ್ಲಿ ಸಾಂಬ್ರಾಣಿ ಹೊಗೆ ಹಾಕ್ತಿದ್ರು, ಅದನ್ನ ಬರೀಬೇಕಿತ್ತು ನೀನು" ಅಂದ್ರು. ಮುಂದಿನ ಸಲ ಅದನ್ನ ಸೇರಿಸ್ದೆ, ಕವನ ನಿಜವಾಗ್ಲೂ ಚೆನ್ನಾಗಾಯ್ತು.

ದುಡ್ಡು ತಗೊಳ್ಳೋದಾ ಬೇಡ್ವಾ ಅಂದ್ರೆ, ತಗೊಳ್ಳಿ. ಹತ್ತು ರೂಪಾಯಿ ಬರೀರಿ, ಇಲ್ಲದೋರಿಗೆ ಸುಮ್ನೆ ಕೊಡಿ. ಐದು ಜನ ಸೇರಿ ತಲಾ ಇನ್ನೂರು ಹಾಕಿದ್ರೆ ಕವರು, ಬಣ್ಣದ ಹಾಳೆ ಎಲ್ಲ ಸೇರಿ ಎರಡು ಸಂಚಿಕೆ ಆಗುತ್ತೆ. ಚಿತ್ರ ಹಾಕಿದೋರಿಗೂ ಬರೆದೋರಷ್ಟೇ ಕಾಪಿ ಕೊಡಿ, ಇದನ್ನ ನಮ್ಮ ಕಡೆ ಮರೀತಾರೆ.

ಓದೋ ಕೂಟ ಒಂದು ಇಟ್ಕೊಳ್ಳಿ. ನಾನು ಎಷ್ಟೋ ಕವಿಗೋಷ್ಠಿಗೆ ಹೋಗಿದೀನಿ, ಒಂದ್ಸಲ ಅಂತೂ ನಲವತ್ತು ಜನ ಕವಿಗಳು, ಸನ್ಮಾನ, ಭಾಷಣ ಎಲ್ಲ ಮುಗಿಯೋ ಹೊತ್ತಿಗೆ ಮೂರು ಗಂಟೆ, ನನಗೆ ಸಿಕ್ಕಿದ್ದು ಎರಡು ನಿಮಿಷ, ಓದಿದೋರೆಲ್ಲ ಸರ್ಟಿಫಿಕೇಟ್ ತಗೊಂಡು ಹೋಗ್ತಾನೇ ಇದ್ರು, ಕೊನೇಲಿ ಓದಿದ ಹುಡುಗನಿಗೆ ಖಾಲಿ ಕುರ್ಚಿನೇ ಕೇಳುಗರು. ಆ ಹುಡುಗನ ಮುಖ ನನಗೆ ಇನ್ನೂ ಕಣ್ಣಲ್ಲಿದೆ. ಅದಕ್ಕೇ ನಾವು ಮಹಾರಾಜ ಪಾರ್ಕಲ್ಲಿ ಭಾನುವಾರ ಸಂಜೆ ಹುಲ್ಲಿನ ಮೇಲೆ ಸುತ್ತ ಕೂರ್ತೀವಿ, ಏಳೆಂಟು ಜನ, ಒಂದು ಕವನ ಎರಡು ಸಲ, ಮೊದಲು ಬೇರೆಯವರು ಓದೋದು ಆಮೇಲೆ ಬರೆದೋರು ಓದೋದು, ಮುಗಿಯೋ ತನಕ ಯಾರೂ ಏಳಂಗಿಲ್ಲ, ಚಪ್ಪಾಳೆ ಇಲ್ಲ, ಒಬ್ಬೊಬ್ರು ನೆನಪಲ್ಲಿ ಉಳಿದ ಒಂದು ಸಾಲು ಹೇಳ್ಬೇಕು. ಮೈಕ್ ಬೇಡ. ಮೈಕ್ ಇಡೋದಾದ್ರೆ ಪೊಲೀಸರ ಪರ್ಮಿಷನ್ ಬೇಕಾಗುತ್ತೆ, ಕೂಟ ದೊಡ್ಡದಾದಂಗೆ ಓದು ಹಿಂದೆ ಹೋಗುತ್ತೆ. ಮಳೆಗಾಲದಲ್ಲಿ ಯಾರದಾದ್ರೂ ಮನೆ ಜಗಲಿ.

ಮೊಬೈಲಲ್ಲೂ ಹಾಕಿ, ಬೇಡ ಅನ್ನಲ್ಲ. ಪುಟದ ಫೋಟೋ ಕಿಟಕಿ ಪಕ್ಕದ ಬೆಳಕಲ್ಲಿ ತೆಗೀರಿ, ಜೊತೆಗೆ ಕವನವನ್ನ ಅಕ್ಷರದಲ್ಲೂ ಟೈಪ್ ಮಾಡಿ, ಬರೀ ಫೋಟೋ ಹಾಕಿದ್ರೆ ಕಣ್ಣು ಕಾಣದೋರ ಫೋನು ಅದನ್ನ ಸರಿಯಾಗಿ ಓದಿ ಹೇಳಲ್ಲ. ಮಡಚೋ ಹಾಳೆ ಪಿಡಿಎಫ್‌ನೇ ಕಳ್ಸಿದ್ರೆ ಅರಕಲಗೂಡಿನೋರು ಅಲ್ಲೇ ಜೆರಾಕ್ಸ್ ಮಾಡಿ ಅಲ್ಲೇ ಹಂಚ್ತಾರೆ, ನಮ್ಮ ಮೂರನೇ ಸಂಚಿಕೆ ಹಂಗೇ ಓಡಾಡಿದ್ದು.

ಇದೆಲ್ಲ ಹಾಸನದಲ್ಲಿ ಯಾರು ನೋಡ್ತಾರೆ ಅಂತ ಕೇಳೋರಿಗೆ ನಾನು ಹೇಳೋದು, ಇದೇ ಊರಲ್ಲಿ ವಕೀಲಿಕೆ ಮಾಡ್ಕೊಂಡು ಬರೆದ ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿ ಇಂಗ್ಲಿಷಿಗೆ ಮಾಡಿದ್ದಕ್ಕೆ, 2025ರ ಮೇನಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು. ಬೂಕರ್ ಬರ್ಲಿ ಅಂತ ಅಲ್ಲ, ಊರು ಅಡ್ಡಿ ಆಗಲ್ಲ ಅಂತ.

ದೂರದೋರಿಗೆ ಪೋಸ್ಟಲ್ಲಿ ಕಳ್ಸೋದಾದ್ರೆ 2025 ಮೇ 1ರಿಂದ ಜ್ಞಾನ ಪೋಸ್ಟ್ ಅಂತ ಒಂದು ಶುರುವಾಗಿದೆ, 300 ಗ್ರಾಂ ತನಕ 20 ರೂಪಾಯಿ, ಮೇಲೆ ಟ್ಯಾಕ್ಸು, 5 ಕೆಜಿ ತನಕ ಹೋಗುತ್ತೆ. ಪುಸ್ತಕದ ಮೇಲೆ ಅಚ್ಚು ಮಾಡಿದೋರ ಇಲ್ಲ ಪ್ರಕಾಶಕರ ಹೆಸರಿರ್ಬೇಕು, ಜಾಹೀರಾತು ಇರ್ಬಾರ್ದು, ತಿಂಗಳು ತಿಂಗಳು ಬರೋ ಪತ್ರಿಕೆ ಆಗಿರ್ಬಾರ್ದು. ಹಿಂದಿನ ಪುಟದಲ್ಲಿ ಹೆಸರು ಹಾಕಿ ಅಂದಿದ್ದಕ್ಕೆ ಇದೂ ಒಂದು ಕಾರಣ. ಒಂದು 80 ಜಿಎಸ್ಎಂ (ಚದರ ಮೀಟರಿಗೆ 80 ಗ್ರಾಂ ತೂಗೋ) ಎ4 ಹಾಳೆ 5 ಗ್ರಾಂ ತೂಗುತ್ತೆ, ಅಂದ್ರೆ ಮಡಚಿದ ಪುಟ್ಟ ಪುಸ್ತಕ ಐವತ್ತು ಒಂದೇ ಲಕೋಟೆಲಿ 300 ಗ್ರಾಂ ಒಳಗೆ ಹೋಗುತ್ತೆ, ಲಕೋಟೆ ತೂಕಕ್ಕೂ 50 ಗ್ರಾಂ ಉಳಿಯುತ್ತೆ. ಹದಿನಾರು ಪುಟದ್ದಾದ್ರೆ ದಪ್ಪ ರಟ್ಟು ಸೇರಿ ಏಳು.

ಎಲ್ಲ ಹಂಚಿ ಮುಗಿದ್ಮೇಲೆ ಮಾಸ್ಟರ್ ಹಾಳೆನ ಪ್ಲಾಸ್ಟಿಕ್ ಫೋಲ್ಡರಲ್ಲಿ ಮಡಚದೆ ಇಡಿ, ಹಿಂದೆ ತಾರೀಖು ಬರೀರಿ, ಜೊತೆಗೆ ಎರಡು ಕಾಪಿ ಇಡಿ, ಒಂದನ್ನ ಯಾರು ಕೇಳಿದ್ರೂ ಕೊಡಬೇಡಿ. ನಮ್ಮ ಮೊದಲನೇ ಸಂಚಿಕೆ ಮಾಸ್ಟರ್ ನಾನು ಜೆರಾಕ್ಸ್ ಅಂಗಡಿಯಲ್ಲೇ ಬಿಟ್ಟು ಬಂದೆ, ಕಾಪಿನೂ ಎಲ್ಲ ಖಾಲಿ ಆಯ್ತು. ಈಗ ಅದು ಇರೋದು ಆ ಅಂಗಡಿ ಹುಡುಗನ ಹತ್ರ ಮಾತ್ರ, ಕೌಂಟರ್ ಗಾಜಿನ ಕೆಳಗೆ, ಮುಖಪುಟ ಮೇಲೆ ಮಾಡಿ ಇಟ್ಟಿದಾನೆ.